ಕುದುರೆಮರಿಯ ಗಿಣ್ಣು ಹಾಲು

ಏಲಕ್ಕಿಯ ಪರಿಮಳ ಮೂಗಿಗೆ ಬಡಿದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಹಬ್ಬದ ಊಟಕ್ಕೆ ಕರೆದವರ ಮನೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಉಸಿರು ಎಳೆದುಕೊಂಡು ಒಳಗೆ ಹೋಗುತ್ತೇನೆ. ಬಿಗುಮಾನದವಳು ಎಂದು ಕೆಲವರು ಅಂದುಕೊಂಡಿರಬಹುದು. ಬಿಗುಮಾನವಲ್ಲ, ಹೆದರಿಕೆ. ಅದು ನನಗೆ ಅಂಟಿಕೊಂಡದ್ದು ಮಿಷಿಗನ್‌ನ ಒಂದು ಲಾಯದಲ್ಲಿ ಹುಟ್ಟಿದ ಕುದುರೆಮರಿಯಿಂದ.

ನಾನು ಕೆಲಸ ಮಾಡುವುದು ಅಮೆರಿಕದ ಸ್ಕೋಕಿ ಎಂಬ ಊರಿನ ಒಂದು ಪ್ರಯೋಗಾಲಯದಲ್ಲಿ. ಕುದುರೆಗಳ ವಂಶ ಯಾವುದು, ರಕ್ತದ ಗುಂಪು ಯಾವುದು ಎಂದು ಪರೀಕ್ಷಿಸಿ ಹೇಳುವುದು ನನ್ನ ಕಸುಬು. ಬೆಂಗಳೂರಿನಲ್ಲಿ ಪಶುವೈದ್ಯ ಓದಿದ್ದೇನೆ ನಿಜ, ಆದರೆ ಇಲ್ಲಿ ಪ್ರಾಣಿಗೆ ಸೂಜಿ ಚುಚ್ಚುವ ಲೈಸೆನ್ಸ್ ನನಗಿಲ್ಲ. ವೀಸಾದ ಪ್ರಕಾರವೂ ನಾನು ಲ್ಯಾಬಿನವಳೇ. ಅದರಿಂದ ನನಗೇನೂ ಬೇಸರವಿರಲಿಲ್ಲ, ಏಕೆಂದರೆ ನನಗೆ ಕುದುರೆ ಕಂಡರೆ ಭಯ. ಮೈಸೂರಿನವಳು ಎಂದ ಕೂಡಲೇ ‘ಹಾಗಾದರೆ ಕುದುರೆ ಹೊಸದಲ್ಲ ಬಿಡಿ’ ಎನ್ನುತ್ತಾರೆ ನಮ್ಮವರು. ಟಾಂಗಾ ಸ್ಟ್ಯಾಂಡಿನ ಪಕ್ಕದಲ್ಲಿ ನಡೆದು ಶಾಲೆಗೆ ಹೋದವಳಿಗೆ ಕುದುರೆಯ ಹಿಂಗಾಲು ಹೇಗಿರುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಅಷ್ಟೆ. ನನ್ನ ಮಟ್ಟಿಗೆ ಒಳ್ಳೆಯ ಕುದುರೆಯೆಂದರೆ ಲಕೋಟೆಯಲ್ಲಿ ಬರುವ, ಬುಡ ಸಮೇತ ಕಿತ್ತ ಒಂದು ಹಿಡಿ ಕೂದಲು.

ಆ ಲಾಯ ಇರುವುದು ಡೆಟ್ರಾಯ್ಟ್‌ನ ಉತ್ತರಕ್ಕೆ, ಸ್ಟರ್ಲಿಂಗ್ ಹೈಟ್ಸ್ ದಾಟಿ ಇನ್ನೂ ಮೂವತ್ತು ಮೈಲಿ ಮೇಲೆ. ಅದರ ಒಡತಿ ಈ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನಾಂಗದವರು, ಅರವತ್ತು ದಾಟಿದ ಹೆಂಗಸು. ಅವರು ಸಾಕಿದ್ದು ತಮ್ಮ ಜನರ ಕುದುರೆಗಳನ್ನೇ. ಸರೋವರಗಳ ಸೀಮೆಯ ಕಾಡಿನಲ್ಲಿ ಬೆಳೆದ ಗಿಡ್ಡ ತಳಿ, ಹಣೆ ಮುಚ್ಚುವಷ್ಟು ದಟ್ಟ ಜೂಲು, ಕಿವಿಯೊಳಗೂ ಕೂದಲು. ಒಂದು ಕಾಲಕ್ಕೆ ಈ ತಳಿಯಲ್ಲಿ ನಾಲ್ಕೇ ಹೆಣ್ಣುಕುದುರೆಗಳು ಉಳಿದಿದ್ದವು. ಬೇರೆ ತಳಿಯ ಗಂಡನ್ನು ತಂದು, ಅವುಗಳಿಂದಲೇ ಮತ್ತೆ ಬೆಳೆಸಿದರು. ಹೀಗಾಗಿ ಇವತ್ತು ಬದುಕಿರುವ ಈ ಕುದುರೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ನಂಟರು. ನಂಟರಲ್ಲೇ ಮರಿ ಹುಟ್ಟುತ್ತಾ ಹೋದರೆ ಒಂದು ದಿನ ತಳಿಯೇ ಸೊರಗುತ್ತದೆ. ‘ಸಂಬಂಧದೊಳಗೇ ಮದುವೆ ಅಂದ್ರೆ ಏನು ಅಂತ ನನಗೆ ಹೇಳಿಕೊಡಬೇಕಾಗಿಲ್ಲ, ನಮ್ಮಮ್ಮ ತನ್ನ ಸ್ವಂತ ಸೋದರಮಾವನನ್ನೇ ಮದುವೆಯಾದವಳು’ ಎಂದು ಒಮ್ಮೆ ಫೋನಿನಲ್ಲಿ ನಾನಂದಾಗ ಒಡತಿ ನಕ್ಕಿದ್ದರು. ಅಲ್ಲಿಂದಾಚೆಗೆ ನಾವಿಬ್ಬರೂ ಸ್ವಲ್ಪ ಸಲಿಗೆಯಿಂದ ಮಾತಾಡುತ್ತಿದ್ದೆವು.

ಅವರ ಹಿಂಡಿನಲ್ಲಿ ಒಂದು ಬೂದು ಬಣ್ಣದ ಗಂಡುಕುದುರೆ ಇತ್ತು. ವಯಸ್ಸಾದ ಮೇಲೆ ದೇಶದ ಗಡಿಯಾಚೆಯಿಂದ ಬಂದದ್ದು. ಅದರ ವಂಶವಾಹಿಗಳಲ್ಲಿ ನಾವು ಪರೀಕ್ಷಿಸಿದ ಬೇರೆ ಯಾವ ಕುದುರೆಯಲ್ಲೂ ಕಾಣದ ತುಣುಕುಗಳಿದ್ದವು. ಹಿಂಡಿಗೆ ಹೊಸ ರಕ್ತ ಬೇಕಿದ್ದರೆ ಅದು ಅವನಿಂದಲೇ ಬರಬೇಕಿತ್ತು. ಅವನಿಗೆ ಹುಟ್ಟಿದ ಮೊದಲ ಮರಿ ಹುಟ್ಟುವಾಗ ಗಟ್ಟಿಮುಟ್ಟಾಗಿತ್ತು, ತಾಯಿಯ ಹಾಲನ್ನು ಚೆನ್ನಾಗಿ ಕುಡಿಯಿತು. ಆಮೇಲೆ ಒಸಡು, ಕಣ್ಣು ಎಲ್ಲ ಅರಿಸಿನದ ಹಾಗೆ ಹಳದಿಯಾಗಿ ಸತ್ತುಹೋಯಿತು. ಅದೇ ತಾಯಿ ಮತ್ತೆ ಗಬ್ಬವಾದಳು. ಶರತ್ಕಾಲದಲ್ಲಿ ಬೂದು ಕುದುರೆ ಹೊಟ್ಟೆಶೂಲೆಯಿಂದ ಸತ್ತಿತು. ಈಗ ಅವನದು ಎಂದು ಉಳಿದಿದ್ದು ಆ ಹೊಟ್ಟೆಯಲ್ಲಿದ್ದದ್ದು ಮಾತ್ರ. ಅದೂ ಅವನದೇ ಎಂದು ಹೇಳುವಂತಿರಲಿಲ್ಲ. ಅವಳು ಗಬ್ಬವಾದ ವಾರವೇ ಹಿಂಡಿನ ಇನ್ನೊಂದು ಗಂಡು, ಕಂದು ಬಣ್ಣದ್ದು, ಬೇಲಿ ಹಾರಿ ಇವಳ ಜೊತೆ ಒಂದು ಬೆಳಗ್ಗೆ ಕಳೆದಿತ್ತು.

ಹೆರಿಗೆಗೆ ಕೆಲವು ವಾರ ಮುಂಚೆ ಒಡತಿ ತಾಯಿಕುದುರೆಯ ರಕ್ತ ಕಳಿಸಿದರು. ನೋಡಿದವಳು ನಾನೇ. ಮೊದಲ ಮರಿ ಏಕೆ ಸತ್ತಿತು ಎನ್ನುವುದು ಆಗ ತಿಳಿಯಿತು. ಬೂದು ಕುದುರೆಯ ಕೆಂಪು ರಕ್ತಕಣಗಳ ಮೇಲೆ ತಾಯಿಯಲ್ಲಿಲ್ಲದ ಒಂದು ಗುರುತಿತ್ತು. ತಾಯಿಯ ಮೈ ಆ ಗುರುತನ್ನು ಶತ್ರುವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ಮಾಡಿಟ್ಟುಕೊಂಡಿತ್ತು. ಹೊಟ್ಟೆಯಲ್ಲಿರುವಷ್ಟು ದಿನ ಮರಿಗೆ ಏನೂ ಆಗುವುದಿಲ್ಲ. ಆದರೆ ಆ ಪ್ರತಿಕಾಯಗಳೆಲ್ಲ ಗಿಣ್ಣು ಹಾಲಿಗೆ ಇಳಿಯುತ್ತವೆ. ತಂದೆಯ ಗುರುತು ಹೊತ್ತ ಮರಿ ಆ ಹಾಲು ಕುಡಿದರೆ ಅದರ ರಕ್ತವೇ ಒಡೆದುಹೋಗುತ್ತದೆ. ಬೇಲಿ ಹಾರಿದ ಕಂದು ಕುದುರೆಯಲ್ಲಿ ಆ ಗುರುತಿಲ್ಲ. ಅವನ ಮರಿಯಾದರೆ ತಾಯಿಯ ಹಾಲು ಅಮೃತ. ನಮಗೆ ಬೇಕಾಗಿದ್ದ ಮರಿಗೆ ಮಾತ್ರ ಅದು ವಿಷ.

ಹಾಗೆಂದು ಸುಮ್ಮನೆ ಹಾಲು ತಪ್ಪಿಸುವ ಹಾಗೂ ಇಲ್ಲ. ಕುದುರೆಮರಿ ರೋಗವನ್ನು ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟುತ್ತದೆ. ಹುಟ್ಟಿದ ಮೊದಲ ಗಂಟೆಗಳಲ್ಲಿ ಯಾವುದಾದರೂ ಕುದುರೆಯ ಗಿಣ್ಣು ಹಾಲು ಹೊಟ್ಟೆಗೆ ಬೀಳಲೇಬೇಕು. ನಮ್ಮ ಲ್ಯಾಬಿನ ಕಡೆಗೇ ಇರುವ ಗ್ಲೆಂಡೇಲ್ ಹೈಟ್ಸ್‌ನ ಆಚೆಗಿನ ಒಂದು ಸವಾರಿ ಶಾಲೆಯವರು ತಮ್ಮ ದೊಡ್ಡ ಕುದುರೆಯೊಂದರ ಗಿಣ್ಣು ಹಾಲನ್ನು ಫ್ರೀಜರ್‌ನಲ್ಲಿ ಗಟ್ಟಿಮಾಡಿ ಇಟ್ಟಿದ್ದರು. ನಾವೇ ಪರೀಕ್ಷೆ ಮಾಡಿ, ಇದರಲ್ಲಿ ಆ ಪ್ರತಿಕಾಯ ಇಲ್ಲ ಎಂದು ಹೇಳಿದ್ದ ಹಾಲು. ಎರಡು ಬಾಟಲಿ, ಒಂದು ಗಿಡ್ಡ ಮರಿಗೆ ಸರಿಯಾಗಿ ಸಾಕಾಗುವಷ್ಟು, ನಮ್ಮ ಲ್ಯಾಬಿಗೆ ಬಂದು ಕಾದಿತ್ತು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಒಡತಿಯ ಫೋನ್ ಬಂತು. ಕೆಚ್ಚಲು ತುಂಬಿದೆ, ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದೆ ಎಂದರು. ಎಂದರೆ ಇವತ್ತೋ ನಾಳೆಯೋ. ಕೊರಿಯರಿನವರು ಹಿಮಬಿರುಗಾಳಿಯ ಕಾರಣ ಹೇಳಿ ಆಗುವುದಿಲ್ಲ ಎಂದುಬಿಟ್ಟರು. ಲ್ಯಾಬಿನ ಮುಖ್ಯಸ್ಥರು ನನ್ನ ಮುಖ ನೋಡಿದರು. ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಟ್ಯೂಬುಗಳನ್ನು ಗರಗರ ತಿರುಗಿಸುವ ಅಂಗೈಯಗಲದ ಸೆಂಟ್ರಿಫ್ಯೂಜ್ ಯಂತ್ರ ಒಂದನ್ನೂ ಟ್ಯೂಬುಗಳನ್ನೂ ತಾಯಿಕುದುರೆಯ ಉಳಿದ ರಕ್ತವನ್ನೂ ತುಂಬಿಕೊಂಡು ನಾನೇ ಹೊರಟೆ.

ಇಂಡಿಯಾನಾ ದಾಟುವವರೆಗೆ ರಸ್ತೆ ಚೆನ್ನಾಗಿತ್ತು. ಮಿಷಿಗನ್‌ಗೆ ಕಾಲಿಟ್ಟ ಮೇಲೆ ಸರೋವರದ ಕಡೆಯಿಂದ ಹಿಮ ಅಡ್ಡಡ್ಡವಾಗಿ ಬೀಸತೊಡಗಿತು. ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ದೀಪ ಹಳ್ಳಕ್ಕಿಳಿದರೆ ನಾನೂ ಹಳ್ಳಕ್ಕೇ. ಸ್ಟಿಯರಿಂಗ್ ಹಿಡಿದ ಬೆರಳು ಮರಗಟ್ಟಿದವು. ಒಂದು ಎಕ್ಸಿಟ್‌ನಲ್ಲಿ ನಿಲ್ಲಿಸಿ ಬಾಟಲಿಗಳು ಗಟ್ಟಿಯಾಗಿಯೇ ಇವೆಯೇ ಎಂದು ಮುಟ್ಟಿ ನೋಡಿದೆ. ಇನ್ನೊಂದು ಎಕ್ಸಿಟ್‌ನಲ್ಲಿ ಮತ್ತೆ ಮುಟ್ಟಿ ನೋಡಿದೆ. ಸ್ಟರ್ಲಿಂಗ್ ಹೈಟ್ಸ್ ತಲುಪುವಾಗ ಕತ್ತಲಾಗಿತ್ತು. ಲಾಯದ ಕಡೆಗೆ ಹೋಗುವ ರಸ್ತೆ ಮುಚ್ಚಿದ್ದಾರೆ, ಬೆಳಗ್ಗೆ ಹಿಮ ತೆಗೆದ ಮೇಲೆ ಬಾ, ಇವಳು ಇನ್ನೂ ನೆಮ್ಮದಿಯಾಗಿ ಹುಲ್ಲು ತಿನ್ನುತ್ತಿದ್ದಾಳೆ ಎಂದು ಒಡತಿ ಹೇಳಿದರು.

ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮಗೆ ಪರಿಚಯದ ಆಂಟಿ, ಅಂಕಲ್ ಇದ್ದಾರೆ. ಅಂಕಲ್ ಕಾರು ಕಾರ್ಖಾನೆಯ ಎಂಜಿನಿಯರಾಗಿ ನಿವೃತ್ತರಾದವರು. ಆಂಟಿ ಮಂಡ್ಯದ ಕಡೆಯವರು, ಇಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಮಕ್ಕಳನ್ನು ಬೆಳೆಸಿದವರು. ಬಾಗಿಲು ತೆರೆದಾಗ ನಾನು ನಡುಗುತ್ತಿದ್ದೆ. ಐಸ್ ಡಬ್ಬಿಯನ್ನು ಅವರ ಕೈಗೇ ಕೊಟ್ಟೆ.

“ಗಿಣ್ಣು ಹಾಲಿದೆ ಆಂಟಿ, ಫ್ರೀಜರ್‌ನಲ್ಲಿ ಇಟ್ಬಿಡಿ. ಬೆಳಗ್ಗೆ ನೋಡ್ಕೊಳ್ಳೋಣ.”

“ಅಯ್ಯೋ, ಇಷ್ಟು ಚಳೀಲಿ ಇದನ್ನ ಹೊತ್ಕೊಂಡ್ ಬಂದ್ಯಾ ತಾಯಿ!” ಎಂದರು ಆಂಟಿ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಆಯಾಸದಲ್ಲಿ ಅದಕ್ಕೆ ಅರ್ಥ ಹುಡುಕಲಿಲ್ಲ. ಸಾರನ್ನ ತಿಂದು ಮಲಗಿದವಳಿಗೆ ಪ್ರಪಂಚದ ಪರಿವೆ ಇರಲಿಲ್ಲ.

ಬೆಳಗ್ಗೆ ಎಚ್ಚರಿಸಿದ್ದು ಏಲಕ್ಕಿಯ ಪರಿಮಳ. ಏಲಕ್ಕಿ, ಬೆಲ್ಲ, ಹಬೆ. ಹಾಸಿಗೆಯಲ್ಲೇ ಒಂದು ಕ್ಷಣ ಸುಖವಾಗಿದ್ದೆ, ಮೈಸೂರಿನಲ್ಲಿ ಹಾಲಿನವಳು ಕರು ಹಾಕಿದ ಹಸುವಿನ ಗಿಣ್ಣು ತಂದುಕೊಟ್ಟ ದಿನದ ಹಾಗೆ. ಮರುಕ್ಷಣ ಬಾಟಲಿಗಳು ನೆನಪಾದವು. ಬರಿಗಾಲಲ್ಲೇ ಅಡುಗೆಮನೆಗೆ ಓಡಿದೆ.

ತಟ್ಟೆಯಲ್ಲಿ ಕಂದು ಬಣ್ಣದ ಗಿಣ್ಣನ್ನು ಹೆಚ್ಚಿ ಇಟ್ಟಿದ್ದರು. ಅಂಕಲ್ ಒಂದು ತುಂಡನ್ನು ಆಗಲೇ ಬಾಯಿಗೆ ಹಾಕಿಕೊಂಡಿದ್ದರು.

“ಎದ್ಯಾ? ಬಾ, ಬಿಸಿ ಇದ್ದಾಗ ತಿನ್ನು. ಯಾಕೋ ಸರಿಯಾಗಿ ಗಟ್ಟಿಯಾಗಿಲ್ಲ ಕಣಮ್ಮ,” ಎಂದರು ಆಂಟಿ. “ಇಲ್ಲಿನ ಹಸು ಹಾಲೇ ಹಾಗೇನೋ. ಮೂವತ್ತು ವರ್ಷ ಆಯ್ತು ನಾನು ಗಿಣ್ಣು ಮಾಡಿ.”

“ಆಂಟಿ, ಎರಡೂ ಬಾಟ್ಲಿ ಹಾಕಿದ್ರಾ?”

“ಒಂದೇ. ಇನ್ನೊಂದು ನಿಂಗೆ ಇರಲಿ ಅಂತ ಹಾಗೇ ಬಿಟ್ಟಿದೀನಿ. ಯಾಕೆ, ಏನಾಯ್ತು?”

“ಅದು ಹಸುದಲ್ಲ ಆಂಟಿ. ಕುದುರೇದು. ಇವತ್ತು ಹುಟ್ಟೋ ಒಂದು ಮರಿಗೆ ತಂದಿದ್ದು.”

ಅಂಕಲ್ ಅಗಿಯುವುದನ್ನು ನಿಲ್ಲಿಸಿದರು. ಆಂಟಿಯ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಅವರನ್ನು ಬೈಯುವ ಹಾಗಿರಲಿಲ್ಲ. ನಮ್ಮ ಕಡೆ ಒಬ್ಬರು ಗಿಣ್ಣು ಹಾಲು ಹಿಡಿದುಕೊಂಡು ಮನೆಗೆ ಬಂದರೆ ಅದಕ್ಕೆ ಬೇರೆ ಅರ್ಥವೇ ಇಲ್ಲ. ಅಮೆರಿಕನ್ ಒಬ್ಬರ ಮನೆಯಲ್ಲಿ ಇಟ್ಟಿದ್ದರೆ ಆ ಬಾಟಲಿ ವರ್ಷಗಟ್ಟಲೆ ಅಲ್ಲೇ ಇರುತ್ತಿತ್ತು. ಮರಿಯನ್ನು ರೋಗದಿಂದ ಕಾಯುವ ಒಳ್ಳೆಯ ಪ್ರತಿಕಾಯಗಳು ಬೇಯಿಸಿದ ಹಾಲಿನಲ್ಲಿ ಉಳಿಯುವುದಿಲ್ಲ. ಅರ್ಧ ಮದ್ದು ತಟ್ಟೆಯಲ್ಲಿ ಸಿಹಿತಿಂಡಿಯಾಗಿ ಕೂತಿತ್ತು.

ಅಷ್ಟರಲ್ಲಿ ಫೋನ್ ಬಂತು. “ಬೆವರುತ್ತಿದ್ದಾಳೆ. ಸುತ್ತು ಹಾಕುತ್ತಿದ್ದಾಳೆ. ನೀನು ಎಲ್ಲಿದ್ದೀಯ?” ಎಂದರು ಒಡತಿ.

ನಾನು ಉಳಿದ ಬಾಟಲಿಯನ್ನು ಐಸ್ ಡಬ್ಬಿಗೆ ಹಾಕಿಕೊಳ್ಳುವಷ್ಟರಲ್ಲಿ ಅಂಕಲ್ ಕಾರಿನ ಕೀಲಿ ತೆಗೆದುಕೊಂಡರು. “ನೀನು ಡ್ರೈವ್ ಮಾಡ್ಬೇಡ, ನಾನು ಬಿಡ್ತೀನಿ.” ಆಂಟಿ ಉಟ್ಟ ಸೀರೆಯ ಮೇಲೆಯೇ ಕೋಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಆ ಲಾಯದ ಪಶುವೈದ್ಯರಿಗೆ ಫೋನ್ ಮಾಡುತ್ತಿದ್ದೆ. ಅವರು ಇನ್ನೊಂದು ಕೌಂಟಿಯಲ್ಲಿ ಸಿಕ್ಕಿಕೊಂಡಿದ್ದರು. ಬೇರೊಂದು ಕುದುರೆಯ ರಕ್ತದಿಂದ ಬೇರ್ಪಡಿಸಿದ, ರೋಗ ತಡೆಯುವ ಪ್ಲಾಸ್ಮಾ ದ್ರವ ತಂದು ಮರಿಗೆ ಡ್ರಿಪ್ ಹಾಕಬಹುದು, ಆದರೆ ಮಧ್ಯಾಹ್ನಕ್ಕೆ ಮುಂಚೆ ಬರಲಾಗುವುದಿಲ್ಲ ಎಂದರು. “ಪರೀಕ್ಷೆ ಮಾಡಿ ಹೇಳು. ಹಾಲು ಕೊಡಬಹುದೋ ಬಾರದೋ ನಿನ್ನ ಮಾತಿನ ಮೇಲೆಯೇ ನಡೆಯೋಣ.”

ನನ್ನ ಮಾತಿನ ಮೇಲೆ! ಲೈಸೆನ್ಸ್ ಇಲ್ಲದವಳ, ಕುದುರೆ ಕಂಡರೆ ಕಾಲು ಹಿಂದಿಡುವವಳ ಮಾತಿನ ಮೇಲೆ. ಮರಿ ಸತ್ತರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ ಹೋಗುತ್ತದೆ ಎಂದೆಲ್ಲ ಲೆಕ್ಕ ಹಾಕಿದೆ. ಅದಕ್ಕಿಂತ ದೊಡ್ಡ ಭಯವೂ ಒಂದಿತ್ತು. ಎಂದೋ ಒಂದು ಚಳಿಗಾಲದಲ್ಲಿ ಆ ನಾಲ್ಕು ಹೆಣ್ಣುಕುದುರೆಗಳನ್ನು ಯಾರೋ ಕಷ್ಟಪಟ್ಟು ಉಳಿಸಿದ್ದರು. ಅವುಗಳ ಸಂತತಿಯಲ್ಲಿ ಬೂದು ಕುದುರೆಯ ಎಳೆ ನನ್ನ ಕೈಯಲ್ಲಿ ತುಂಡಾಗುವುದು ಬೇಡವಾಗಿತ್ತು.

ನಾವು ಲಾಯಕ್ಕೆ ಕಾಲಿಟ್ಟಾಗ ಮರಿ ಆಗತಾನೇ ಹೊರಗೆ ಬಂದು ಒಣಹುಲ್ಲಿನ ಮೇಲೆ ಬಿದ್ದಿತ್ತು. ಗಂಡುಮರಿ. ಕಪ್ಪು ಮೈ, ಒದ್ದೆ ಜೂಲು, ಮೈಯಿಂದ ಹಬೆ ಏಳುತ್ತಿತ್ತು. ಬಾಗಿಲ ಕಂಬದ ಬುಡದಲ್ಲಿ ಒಡತಿ ಇಟ್ಟಿದ್ದ ಚಿಟಿಕೆ ಹೊಗೆಸೊಪ್ಪು ಕಾಣುತ್ತಿತ್ತು. ಏನನ್ನಾದರೂ ಬೇಡಿಕೊಳ್ಳುವ ಮುಂಚೆ ಅವರ ಜನ ಕಾಣಿಕೆಯಾಗಿ ಹಾಗೆ ಇಡುತ್ತಾರೆ. ಮಾತಿಗೆ ಸಮಯವಿರಲಿಲ್ಲ. ನಾನು ಮೊದಲೇ ಹೇಳಿಕೊಟ್ಟಿದ್ದಂತೆ ಅವರು ಹೊಕ್ಕುಳಬಳ್ಳಿಯ ತಾಯಿಯ ಕಡೆಯ ತುದಿಯಿಂದ ಒಂದಿಷ್ಟು ರಕ್ತ ಹಿಡಿದಿದ್ದರು. ಅದೂ ಮರಿಯ ರಕ್ತವೇ, ಹಾಗಾಗಿ ಮರಿಗೆ ಸೂಜಿ ಬೇಕಾಗಲಿಲ್ಲ. ತಾಯಿಯ ಕೆಚ್ಚಲಿನಿಂದ ನಾಲ್ಕು ಹನಿ ಹಾಲನ್ನೂ ಹಿಂಡಿಕೊಟ್ಟರು, ಜೇನಿನಷ್ಟು ಗಟ್ಟಿ, ಹಳದಿ.

ಮೇವಿನ ಕೋಣೆಯಲ್ಲಿ ಒಂದು ಮುಚ್ಚಿದ ಡ್ರಮ್ಮಿನ ಮೇಲೆ ನನ್ನ ಸಾಮಾನು ಹರಡಿಕೊಂಡೆ. ಪರೀಕ್ಷೆ ಸರಳವೇ. ಟ್ಯೂಬುಗಳ ಸಾಲಿನಲ್ಲಿ ಉಪ್ಪುನೀರು ಹಾಕಿ ಹಾಲನ್ನು ಒಂದಕ್ಕಿಂತ ಒಂದರಲ್ಲಿ ತೆಳುಮಾಡುತ್ತಾ ಹೋಗಬೇಕು. ಪ್ರತಿಯೊಂದಕ್ಕೂ ಮರಿಯ ರಕ್ತದ ಒಂದು ಹನಿ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಆಮೇಲೆ ಟ್ಯೂಬನ್ನು ಬಗ್ಗಿಸಿ ನೋಡಬೇಕು. ತಳದಲ್ಲಿ ಕೂತ ರಕ್ತ ಸರಾಗವಾಗಿ ಹರಿದು ಬಂದರೆ ಹಾಲು ಸುರಕ್ಷಿತ. ಉಂಡೆಯಾಗಿ ಅಂಟಿಕೊಂಡರೆ ವಿಷ. ಗಟ್ಟಿ ಹಾಲಿನ ಟ್ಯೂಬಿನಲ್ಲಿ ಅಂಟಿಕೊಳ್ಳುವುದು ಸಹಜ, ಅದನ್ನು ನಂಬಬಾರದು. ತೀರ ತೆಳುವಾದ ಟ್ಯೂಬಿನಲ್ಲೂ ಅಂಟಿಕೊಂಡರೆ ಮಾತ್ರ ನಂಬಬೇಕು.

ಮೊದಲ ಸಲ ಗಟ್ಟಿ ಟ್ಯೂಬುಗಳಲ್ಲಿ ಉಂಡೆ. ತೆಳುವಿನಲ್ಲಿ ಹರಿಯಿತು. ನಡುವಿನದರಲ್ಲಿ ಏನೆಂದೇ ತಿಳಿಯಲಿಲ್ಲ. ಸ್ವಲ್ಪ ಅಂಟಿತ್ತು, ಸ್ವಲ್ಪ ಹರಿದಿತ್ತು.

ಆ ಹೊತ್ತಿನಲ್ಲಿ ನನ್ನ ಮನಸ್ಸು ಮಾಡಿದ ಕೆಲಸ ನನಗೆ ನೆನಪಿದೆ. ಹರಿಯಿತು ಅನ್ನು, ಅನ್ನು, ಎಂದು ಪೀಡಿಸಿತು. ಹರಿಯಿತು ಎಂದುಬಿಟ್ಟರೆ ಮರಿ ತಾಯಿಯ ಹಾಲನ್ನೇ ಕುಡಿಯಬಹುದು. ಒಂದೇ ಬಾಟಲಿ ಇರುವ ವಿಷಯ ಯಾರಿಗೂ ಹೇಳಬೇಕಾಗಿಲ್ಲ. ಆಂಟಿಯ ಗಿಣ್ಣು ತಮಾಷೆಯ ಕಥೆಯಾಗಿ ಉಳಿಯುತ್ತದೆ. ಪಕ್ಕದ ಅಂಕಣದಲ್ಲಿ ಮರಿ ಮುಂಗಾಲು ಚಾಚಿ ಏಳಲು ನೋಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಅದು ನಿಂತು ಕೆಚ್ಚಲು ಹುಡುಕುವ ಮುಂಚೆ ನಾನು ಹೇಳಬೇಕಿತ್ತು.

ಕೈ ನಡುಗಿ ಟ್ಯೂಬನ್ನು ಜೋರಾಗಿ ಬಗ್ಗಿಸಿದ್ದೆ ಎಂಬುದು ನನಗೇ ಗೊತ್ತಿತ್ತು. ಜೋರಾಗಿ ಬಗ್ಗಿಸಿದರೆ ಅಂಟಿದ್ದೂ ಬಿಟ್ಟುಕೊಳ್ಳುತ್ತದೆ. ಎಲ್ಲವನ್ನೂ ಚೆಲ್ಲಿ ಎರಡನೇ ಸಲ ಶುರು ಮಾಡಿದೆ. ಈ ಸಲ ತಾಯಿಯ ಹಾಲಿಗೆ ತಾಯಿಯದೇ ರಕ್ತ ಹಾಕಿದ ಇನ್ನೊಂದು ಸಾಲನ್ನೂ ಇಟ್ಟೆ. ತನ್ನ ಹಾಲಿಗೆ ತನ್ನ ರಕ್ತ ಉಂಡೆಕಟ್ಟಬಾರದು. ಆಂಟಿ ಬಾಗಿಲಲ್ಲಿ ನಿಂತಿದ್ದರು.

“ನನ್ ಮೊಣಕೈ ಹಿಡ್ಕೊಳ್ಳಿ ಆಂಟಿ. ಬಿಗಿಯಾಗಿ.”

ಅವರು ಹಿಡಿದುಕೊಂಡರು. ನಿಧಾನವಾಗಿ ಬಗ್ಗಿಸಿದೆ. ತಾಯಿಯ ಸಾಲಿನಲ್ಲಿ ನಡುವಿನ ಟ್ಯೂಬಿನಿಂದಾಚೆಗೆ ರಕ್ತ ನೀಟಾಗಿ ಹರಿಯಿತು. ಮರಿಯ ಸಾಲಿನಲ್ಲಿ ನಡುವಿನದು ಅಂಟಿಕೊಂಡಿತು. ಅದರ ಮುಂದಿನದೂ. ಅದರ ಮುಂದಿನದೂ. ಅಂಗಿಯ ಸಣ್ಣ ಕೆಂಪು ಗುಂಡಿಯ ಹಾಗೆ ತಳ ಬಿಟ್ಟು ಅಲ್ಲಾಡಲಿಲ್ಲ.

ಆ ಗುಂಡಿ ಎರಡು ಮಾತು ಹೇಳಿತ್ತು. ಇವನು ಬೇಲಿ ಹಾರಿದವನ ಮಗನಲ್ಲ, ಬೂದು ಕುದುರೆಯ ಮಗ. ಆ ಎಳೆ ಉಳಿದಿದೆ. ಮತ್ತು ಇವನ ತಾಯಿಯ ಹಾಲು ಇವನನ್ನು ಕೊಲ್ಲುತ್ತದೆ. ಸಂತೋಷಪಡುವುದಕ್ಕೆ ಪುರುಸೊತ್ತಿರಲಿಲ್ಲ. ಕೂದಲಿನ ಪರೀಕ್ಷೆಯೂ ಅದನ್ನೇ ಹೇಳಿತು, ಆದರೆ ಅದು ಬಹಳ ದಿನ ಕಳೆದ ಮೇಲೆ.

ಒಡತಿಗೆ ವಿಷಯ ಹೇಳಿದೆ. ಬಾಟಲಿಯ ವಿಷಯವನ್ನೂ ಹೇಳಿದೆ. ಅವರು ಆಂಟಿಯ ಕಡೆ ಒಮ್ಮೆ ನೋಡಿ, ಮರಿಯ ಕಡೆ ತಿರುಗಿದರು. ಮರಿಯನ್ನು ಬೇರೆ ಅಂಕಣಕ್ಕೆ ಒಯ್ದು ತಾಯಿಯಿಂದ ದೂರ ಇಡಬೇಕು, ಸುಮಾರು ಒಂದೂವರೆ ದಿನ, ಅದು ಸಾಮಾನ್ಯ ಕ್ರಮ ಎಂದೆ.

“ಆಗಲ್ಲ,” ಎಂದರು ಅವರು.

“ಹಾಲು ಕುಡಿದರೆ ಸಾಯುತ್ತದೆ.”

“ಹಾಲು ಕೊಡಬೇಡ. ಆದರೆ ಬೇರೆ ಮಾಡಬೇಡ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಸರ್ಕಾರದವರು ನಮ್ಮ ಜನರ ಮಕ್ಕಳನ್ನು ತಾಯಂದಿರಿಂದ ಕಿತ್ತು ದೂರದ ಶಾಲೆಗಳಿಗೆ ಒಯ್ದರು. ಒಳ್ಳೆಯದಕ್ಕೇ ಅಂತ ಹೇಳಿದ್ದರು. ನನ್ನ ಲಾಯದಲ್ಲಿ ಅದು ನಡೆಯೋದು ಬೇಡ.”

ನಾನು ವೈದ್ಯರಿಗೆ ಫೋನ್ ಮಾಡಬಹುದಿತ್ತು. ಬೇರೆ ಮಾಡಿ ಎಂದೇ ಅವರು ಹೇಳುತ್ತಿದ್ದರು, ಹೇಳಿದ್ದನ್ನು ಪಾಲಿಸಿದೆ ಎಂಬ ರಕ್ಷಣೆಯಾದರೂ ನನಗೆ ಸಿಗುತ್ತಿತ್ತು. ತಾಯಿಕುದುರೆ ಮರಿಯ ಬೆನ್ನು ನೆಕ್ಕುತ್ತಾ ಸಣ್ಣ ದನಿಯಲ್ಲಿ ಗುನುಗುತ್ತಿತ್ತು. ಒಂದೂವರೆ ದಿನ ಮರಿಯ ವಾಸನೆ ತಪ್ಪಿದರೆ ಅವಳು ಮತ್ತೆ ಹತ್ತಿರ ಸೇರಿಸದೇ ಇರಬಹುದು, ಅದೂ ಒಂದು ಅಪಾಯವೇ. ಹಾಗೆಂದು ಒಟ್ಟಿಗೆ ಬಿಟ್ಟರೆ ಒಂದು ನಿಮಿಷ ಕಣ್ಣು ತಪ್ಪಿದರೂ ಸಾಕು. ಎರಡು ಭಯಗಳ ನಡುವೆ ಆರಿಸಬೇಕಿತ್ತು.

“ಸರಿ, ಒಟ್ಟಿಗೇ ಇರಲಿ,” ಎಂದೆ. “ಬಾಯಿಕುಕ್ಕೆ ಹಾಕೋಣ. ಒಬ್ಬರು ಯಾವಾಗಲೂ ಮರಿಯ ಪಕ್ಕದಲ್ಲೇ ಇರಬೇಕು. ತಾಯಿಯ ಹಾಲನ್ನು ಆಗಾಗ ಪೂರ್ತಿ ಹಿಂಡಿ ಚೆಲ್ಲಬೇಕು.” ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿತು. ಆಮೇಲೆ ವೈದ್ಯರಿಗೂ ತಿಳಿಸಿದೆ. ಅವರು “ನಿನ್ನ ಕಣ್ಣು ಮುಚ್ಚಬಾರದು, ಅಷ್ಟೆ” ಎಂದರು.

ಉಳಿದ ಬಾಟಲಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿದೆವು. ಒಡತಿ ನಿಪ್ಪಲ್ ಹಾಕಿ ಹಿಡಿದರು. ಮರಿ ಗಟಗಟನೆ ಕುಡಿದು, ಇನ್ನೂ ಬೇಕೆಂದು ಖಾಲಿ ನಿಪ್ಪಲನ್ನು ಎಳೆಯಿತು. ಆ ಎಳೆತ ನೋಡಲಾಗದೆ ಆಂಟಿ ಮುಖ ತಿರುಗಿಸಿದರು. ತಂತಿಬಲೆಯ ಪುಟ್ಟ ಕುಕ್ಕೆಯನ್ನು ಮರಿಯ ಬಾಯಿಗೆ ಕಟ್ಟಿದೆವು. ಅದು ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿ ಕುಕ್ಕೆಯನ್ನು ಕೆಚ್ಚಲಿಗೆ ಒತ್ತಿ ಒತ್ತಿ ನೋಡಿತು. ತಾಯಿ ಹಿಂಗಾಲನ್ನು ಸರಿಸಿ ದಾರಿ ಮಾಡಿಕೊಟ್ಟಳು. ಯಾಕೆ ಕುಡಿಯುತ್ತಿಲ್ಲ ಎನ್ನುವಂತೆ ಕತ್ತು ಹೊರಳಿಸಿ ನೋಡಿದಳು.

ಹಾಲು ಹಿಂಡುವ ಕೆಲಸ ಆಂಟಿ ಕೇಳಿ ಪಡೆದುಕೊಂಡರು. “ಹಸು ಹಿಂಡಿದ ಕೈ ಇದು. ಅಷ್ಟಾದ್ರೂ ಮಾಡ್ತೀನಿ ಬಿಡು.” ಒಡತಿ ತಾಯಿಯ ತಲೆ ಹಿಡಿದುಕೊಂಡರು. ಆಂಟಿ ಸೀರೆಯನ್ನು ಎತ್ತಿ ಸಿಕ್ಕಿಸಿ, ಕೋಟಿನ ತೋಳು ಮಡಿಸಿ ಪಾತ್ರೆ ಹಿಡಿದು ಕೂತರು. ಹಳದಿ ಹಾಲು ಪಾತ್ರೆಗೆ ಬೀಳುವ ಸದ್ದಿಗೆ ಮರಿ ಕಿವಿ ನಿಮಿರಿಸುತ್ತಿತ್ತು. ಪಾತ್ರೆ ಹೊರಗೆ ಒಯ್ದು ಹಿಮದ ಮೇಲೆ ಚೆಲ್ಲುವುದು ನನ್ನ ಕೆಲಸ. ಒಂದು ಸಲ ವಾಪಸ್ಸು ಬಂದಾಗ ಆಂಟಿ ಕುದುರೆಯ ಹೊಟ್ಟೆಗೆ ಹಣೆ ಆನಿಸಿಕೊಂಡು ಅಳುತ್ತಿದ್ದರು.

“ಆಂಟಿ, ನಿಮ್ದೇನೂ ತಪ್ಪಿಲ್ಲ. ಬಿಟ್ಬಿಡಿ ಅದನ್ನ.”

“ಅದಕ್ಕಲ್ಲ ಕಣೇ,” ಎಂದರು. “ನನ್ ಮೊದಲ್ನೇ ಬಾಣಂತನದಲ್ಲಿ ಅತ್ತೆ ಮೂರು ದಿನ ಹಾಲು ಕೊಡೋಕೆ ಬಿಡ್ಲಿಲ್ಲ. ಕೆಟ್ಟ ಹಾಲು, ಹಿಂಡಿ ಚೆಲ್ಲು ಅಂದ್ರು. ಮಗೂಗೆ ಕತ್ತೆ ಹಾಲು ತರಿಸಿದ್ರು. ಎದೆ ಕಲ್ಲಾಗಿ ಜ್ವರ ಬಂತು ನಂಗೆ. ಪಕ್ಕದಲ್ಲೇ ಮಗು ಬಾಯಿ ಬಾಯಿ ಬಿಡ್ತಿತ್ತು. ಇವಳಿಗೂ ಅದೇ ಆಗ್ತಿದೆ ನೋಡು.”

ಕಾಲೇಜಿನಲ್ಲಿ ಓದುವಾಗ ಹಳ್ಳಿಗಳಿಗೆ ಹೋಗಿ, ಮೊದಲ ಹಾಲನ್ನು ಯಾವ ಕಾರಣಕ್ಕೂ ಚೆಲ್ಲಬೇಡಿ, ಕರುವಿಗೂ ಕೊಡಿ, ಮಗುವಿಗೂ ಕೊಡಿ ಎಂದು ಭಾಷಣ ಮಾಡಿದವಳು ನಾನು. ಈಗ ಕೈಯಲ್ಲಿ ಖಾಲಿ ಪಾತ್ರೆ ಹಿಡಿದು ನಿಂತಿದ್ದೆ.

ಮಧ್ಯಾಹ್ನ ಪಶುವೈದ್ಯರು ಹಿಮದಲ್ಲಿ ಮಿಂದವರಂತೆ ಬಂದು ಮರಿಯ ಕತ್ತಿನ ರಕ್ತನಾಳಕ್ಕೆ ಪ್ಲಾಸ್ಮಾದ ಡ್ರಿಪ್ ಹಾಕಿದರು. ಒಂದು ಬಾಟಲಿಯ ಕೊರತೆಯನ್ನು ಅದು ಸ್ವಲ್ಪ ಮಟ್ಟಿಗೆ ತುಂಬಬಹುದು, ಪೂರ್ತಿ ಭರವಸೆ ಕೊಡಲಾರೆ ಎಂದರು. ಡ್ರಿಪ್ ಇಳಿಯುವಾಗ ಮರಿ ಗಡಗಡ ನಡುಗಿತು. ವೇಗ ಕಡಿಮೆ ಮಾಡಿದರು. ನಡುಕ ನಿಂತಿತು. ಹೊಟ್ಟೆಗೆ ಆಡಿನ ಹಾಲನ್ನು ಬಾಟಲಿಯಲ್ಲಿ ಕೊಟ್ಟೆವು.

ಕಾವಲಿನ ಸರದಿ ನನ್ನದಿದ್ದಾಗಲೇ ಕುಕ್ಕೆ ಜಾರಿತು. ಮರಿ ಗೋಡೆಗೆ ಮುಖ ಉಜ್ಜಿ ಉಜ್ಜಿ ಒಂದು ಪಟ್ಟಿಯನ್ನು ಬಿಡಿಸಿಕೊಂಡು ಸೀದಾ ತಾಯಿಯ ಕೆಳಗೆ ನುಗ್ಗಿತು. ಎಷ್ಟು ವರ್ಷಗಳಿಂದ ಯಾವ ಹಿಂಗಾಲುಗಳಿಂದ ದೂರ ನಿಂತಿದ್ದೆನೋ ಅವೇ ಹಿಂಗಾಲುಗಳ ಪಕ್ಕಕ್ಕೆ ಮಂಡಿಯೂರಿ ನುಗ್ಗಿ, ಮರಿಯ ಬಾಯಿಗೂ ತೊಟ್ಟಿಗೂ ನಡುವೆ ನನ್ನ ಕೈ ತುರುಕಿದೆ. ಅದು ನನ್ನ ಬೆರಳುಗಳನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ತಾಯಿ ನನ್ನ ಭುಜವನ್ನು ಕೋಟಿನ ಸಮೇತ ಕಚ್ಚಿದಳು. ಒಡತಿ ಓಡಿ ಬಂದು ಬಿಡಿಸುವವರೆಗೆ ಹಾಗೇ ಇದ್ದೆ. ಒಂದು ಗುಟುಕು ಒಳಗೆ ಹೋಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅಲ್ಲಿಂದ ಮುಂದಕ್ಕೆ ನನಗೆ ಇದ್ದದ್ದು ಒಂದೇ ಕೆಲಸ. ಮರಿಯ ಮೇಲ್ದುಟಿ ಎತ್ತಿ ಒಸಡು ನೋಡುವುದು. ಗುಲಾಬಿ ಇದ್ದರೆ ಜೀವ, ಹಳದಿಗೆ ತಿರುಗಿದರೆ ಮುಗಿಯಿತು. ಲಾಯದ ಬಲ್ಬೇ ಹಳದಿ, ಅದರ ಬೆಳಕಿನಲ್ಲಿ ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು. ಫೋನಿನ ಬಿಳಿ ದೀಪ ಹಾಕಿ ನೋಡಿದೆ, ಅನುಮಾನ ಬಂದು ನನ್ನ ಒಸಡನ್ನೂ ಕಾರಿನ ಕನ್ನಡಿಯಲ್ಲಿ ನೋಡಿಕೊಂಡೆ. ಅಂಕಲ್ ಬಾಣಂತಿಗೆ ತರುವ ಹಾಗೆ ಬುತ್ತಿ ತಂದರು, ಮೊಸರನ್ನ, ಉಪ್ಪಿನಕಾಯಿ. ಒಡತಿಯೂ ತಿಂದರು. ಆ ಗಿಣ್ಣಿನ ತಟ್ಟೆಯ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಸಂಜೆ ತಾಯಿಯ ಹಾಲು ಬಿಳಿಯಾಗಿ, ನೀರಾಗಿ ಬರುತ್ತಿತ್ತು. ಮತ್ತೆ ಟ್ಯೂಬುಗಳ ಸಾಲು, ಮತ್ತೆ ಆಂಟಿ ಹಿಡಿದ ಮೊಣಕೈ. ಎಲ್ಲ ಟ್ಯೂಬಿನಲ್ಲೂ ರಕ್ತ ಸರಾಗವಾಗಿ ಹರಿಯಿತು. ನಂಬಿಕೆ ಬಾರದೆ ಇನ್ನೊಂದು ಸಲ ಮಾಡಿದೆ. ಮತ್ತೆ ಹರಿಯಿತು. ಮರಿಯ ಕರುಳು ಕೂಡ ಈ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ, ಇನ್ನು ಪ್ರತಿಕಾಯ ಅದನ್ನು ದಾಟಿ ರಕ್ತಕ್ಕೆ ಸೇರುವುದಿಲ್ಲ, ಬಿಡಬಹುದು ಎಂದರು ವೈದ್ಯರು.

ಒಡತಿ ಕುಕ್ಕೆಯ ಪಟ್ಟಿ ಬಿಚ್ಚಿದರು. ಮರಿ ಈಗ ಹುಷಾರಾಗಿತ್ತು, ಎರಡು ಸಲ ಮೋಸ ಹೋದವರ ಹಾಗೆ ಅನುಮಾನದಿಂದ ಕೆಚ್ಚಲನ್ನು ಮೂಸಿತು. ನಾನು ತಾಯಿಯ ಮಗ್ಗುಲಲ್ಲೇ ಕೂತಿದ್ದೆ. ಮುಂದೆ ಇವನು ದೊಡ್ಡವನಾಗಿ ಇವನಿಂದ ಮರಿಗಳಾದರೆ, ಯಾವುದೋ ತಾಯಿಯ ಹಾಲು ಮತ್ತೆ ಹೀಗೇ ವಿಷವಾಗಬಹುದು. ಈ ಎಳೆಯನ್ನು ಉಳಿಸಿಕೊಳ್ಳುವುದೆಂದರೆ ಈ ಹೆದರಿಕೆಯನ್ನೂ ಉಳಿಸಿಕೊಳ್ಳುವುದು ಎಂದು ಅನ್ನಿಸಿತು. ಯಾರೋ ಒಬ್ಬರು ಪ್ರತಿ ವಸಂತದಲ್ಲೂ ಹೀಗೆ ಹುಲ್ಲಿನ ಮೇಲೆ ಎದೆ ಹಿಡಿದುಕೊಂಡು ಕೂರಬೇಕಾಗುತ್ತದೆ.

ಮರಿ ತೊಟ್ಟನ್ನು ಬಾಯಿಗೆ ತೆಗೆದುಕೊಂಡಿತು. ನನ್ನ ಹೆಬ್ಬೆರಳು ಅದರ ತುಟಿಯ ಮೇಲೇ ಇತ್ತು, ಎತ್ತಿ ಎತ್ತಿ ಒಸಡು ನೋಡುತ್ತಿದ್ದೆ. ಅದಕ್ಕೆ ಸರಿಯಾಗಿ ಚೀಪಲಾಗದೆ ಹಾಲು ಗಲ್ಲದ ಮೇಲೆ ಹರಿಯಿತು. ತಾಯಿ ಅಸಹನೆಯಿಂದ ಕಾಲು ಕುಟ್ಟಿದಳು.

“ಗುಲಾಬಿ ಇದ್ಯಾ?” ಎಂದರು ಆಂಟಿ.

“ಇದೆ ಆಂಟಿ.”

“ಮತ್ತೆ ಕೈ ತೆಗಿಯಮ್ಮ. ಕುಡೀಲಿ ಬಿಡು.”

ಕೈ ತೆಗೆದೆ.